ಘಾಟಿ ಹತ್ತುವಾಗ ಡೀಸೆಲ್ ಕಾರಿನ ಪುಲ್ಲಿಂಗ್ ಬಿದ್ದುಹೋಗುತ್ತೆ, ಪಿ0299 ಕೋಡ್: ಟರ್ಬೊ ಬದಲಿಸಬೇಕಾ?

ಪ್ರಶ್ನೆ:

1.3 ಲೀಟರ್ ಕಾಮನ್‌ರೈಲ್ ಡೀಸೆಲ್, ವಿಜಿಟಿ ಟರ್ಬೊ (ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು), 2014ರ ಗಾಡಿ, 1,18,000 ಕಿ.ಮೀ. ಓಡಿದೆ. ಶಿರಾಡಿಯಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುವಾಗ ಮೂರನೇ ಗೇರಿನಲ್ಲಿ 2,200 ಆರ್‌ಪಿಎಂ ದಾಟಿದರೆ ಎಳೆತ ಸತ್ತುಹೋಗುತ್ತೆ, ಚೆಕ್ ಎಂಜಿನ್ ದೀಪ ಬರುತ್ತೆ. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಪರವಾಗಿಲ್ಲ, ಆಮೇಲೆ ಮತ್ತೆ ಅದೇ. ಜೋರಾಗಿ ಒತ್ತಿದರೆ ಕಪ್ಪು ಹೊಗೆ. ಸಮತಟ್ಟಾದ ರಸ್ತೆಯಲ್ಲಿ 80ರ ವೇಗದಲ್ಲಿ ಏನೂ ಗೊತ್ತಾಗಲ್ಲ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸವು. ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, ಹೊಸದು ಹಾಕಿ ಅಂತಿದ್ದಾರೆ.

ಉತ್ತರ 1:

ಸರ್, ದಯವಿಟ್ಟು ಈಗಲೇ ಟರ್ಬೊಗೆ ದುಡ್ಡು ಕೊಡಬೇಡಿ. ಪಿ0299 ಅಂದರೆ "ಎಂಜಿನ್ ಕಂಪ್ಯೂಟರ್ (ಇಸಿಯು) ಕೇಳಿದಷ್ಟು ಬೂಸ್ಟ್ (ಟರ್ಬೊ ಒತ್ತಿ ಕೊಡುವ ಗಾಳಿಯ ಒತ್ತಡ) ಸಿಗಲಿಲ್ಲ" ಅಂತ ಅಷ್ಟೇ. ಯಾಕೆ ಸಿಗಲಿಲ್ಲ ಅನ್ನೋದು ಕೋಡ್‌ನಲ್ಲಿ ಇರಲ್ಲ. ಹೋಸ್ ಸೀಳಿದ್ದರೂ ಇದೇ ಕೋಡ್, ವ್ಯಾಕ್ಯೂಮ್ ಪೈಪ್ ಕಳಚಿದ್ದರೂ ಇದೇ ಕೋಡ್.

ಕೀ ಆಫ್ ಮಾಡಿದಾಗ ಸುಧಾರಿಸುತ್ತೆ ಅಂದರೆ ಇಸಿಯು ಲಿಂಪ್ ಮೋಡ್‌ಗೆ ಹೋಗುತ್ತಿದೆ. ಕೇಳಿದ ಬೂಸ್ಟ್‌ಗೂ ಸಿಕ್ಕ ಬೂಸ್ಟ್‌ಗೂ ಅಂತರ ಕೆಲವು ಸೆಕೆಂಡ್ ಹಾಗೇ ಉಳಿದರೆ ಅದು ಡೀಸೆಲ್ ಕಡಿಮೆ ಮಾಡಿ ಎಂಜಿನ್ ಕಾಪಾಡಿಕೊಳ್ಳುತ್ತೆ. ಹೊಗೆಯ ಬಣ್ಣವೂ ಮುಖ್ಯ. ಕಪ್ಪು ಹೊಗೆ ಅಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಡೀಸೆಲ್ ಕಡೆಯೇ ಕಟ್ಟಿಕೊಂಡಿದ್ದರೆ ಹೊಗೆಯಿಲ್ಲದೆ ಎಳೆತ ಕಡಿಮೆಯಾಗುತ್ತಿತ್ತು, ಕೋಡ್ ಕೂಡ ರೈಲ್ ಪ್ರೆಶರ್‌ನ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್ ಒತ್ತಡದ) ಪಿ0087 ಬರುತ್ತಿತ್ತು.

ಆರ್‌ಪಿಎಂ ಏರಿ ವೇಗ ಏರದಿದ್ದರೆ ಮಾತ್ರ ಕ್ಲಚ್ ಜಾರುತ್ತಿದೆ ಅಂತ. ನಿಮ್ಮದು ಹಾಗಿಲ್ಲ.

ಸ್ಕ್ಯಾನರ್ ಹಾಕಿ ಎರಡು ರೀಡಿಂಗ್ ಕೊಡಿ. ಕೀ ಆನ್, ಎಂಜಿನ್ ಆಫ್ ಇದ್ದಾಗ ಮ್ಯಾಪ್ ಸೆನ್ಸರ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವುದು) ಎಷ್ಟು ತೋರಿಸುತ್ತೆ. ಆಮೇಲೆ ಏರಿನಲ್ಲಿ ಮೂರನೇ ಗೇರ್, 2,500 ಆರ್‌ಪಿಎಂ, ಪೆಡಲ್ ಪೂರ್ತಿ ಒತ್ತಿದಾಗ ಮ್ಯಾಪ್ ಎಷ್ಟು, ಮಾಫ್ (ಏರ್ ಫಿಲ್ಟರ್ ದಾಟಿ ಒಳಗೆ ಬರುವ ಗಾಳಿಯ ತೂಕ ಅಳೆಯುವ ಸೆನ್ಸರ್) ಎಷ್ಟು. ಪಕ್ಕದಲ್ಲಿ ಇನ್ನೊಬ್ಬರು ಕೂತು ರೆಕಾರ್ಡ್ ಮಾಡಲಿ, ಓಡಿಸುವವರು ಸ್ಕ್ರೀನ್ ನೋಡಬಾರದು.

ಪ್ರಶ್ನೆ ಕೇಳಿದವರು:

ಹಾಸನದಲ್ಲಿ ನೋಡಿದ್ದು. ಕೀ ಆನ್: ಮ್ಯಾಪ್ 90 ಕಿಲೊಪಾಸ್ಕಲ್ (ಕೆಪಿಎ). 2,500ರಲ್ಲಿ: ಕೇಳಿದ್ದು 215, ಸಿಕ್ಕಿದ್ದು 150. ಮಾಫ್ ಸೆಕೆಂಡಿಗೆ 49 ಗ್ರಾಂ.

ಉತ್ತರ 2:

ಒಳ್ಳೆ ರೀಡಿಂಗ್. ಎಂಜಿನ್ ಆಫ್ ಇದ್ದಾಗ ಮ್ಯಾಪ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಹಾಸನದ ಎತ್ತರಕ್ಕೆ 90 ಸರಿಯಾಗಿದೆ (ಮಂಗಳೂರಲ್ಲಾದರೆ 100ರ ಆಸುಪಾಸು ಬರಬೇಕು), ಹಾಗಾಗಿ ಮ್ಯಾಪ್ ಸೆನ್ಸರ್ ಸುಳ್ಳು ಹೇಳುತ್ತಿಲ್ಲ.

ಈಗ ಮಾಫ್ ನೋಡಿ. ಒಂದು ಸಿಲಿಂಡರ್ ಸುಮಾರು 0.31 ಲೀಟರ್. 2,500 ಆರ್‌ಪಿಎಂನಲ್ಲಿ ನಾಲ್ಕೂ ಸೇರಿ ನಿಮಿಷಕ್ಕೆ 5,000 ಸಲ ಉಸಿರೆಳೆಯುತ್ತವೆ. ಮ್ಯಾನಿಫೋಲ್ಡ್‌ನಲ್ಲಿ 150 ಕೆಪಿಎ, ಗಾಳಿಯ ಬಿಸಿ 50 ಡಿಗ್ರಿ, ಸಿಲಿಂಡರ್ 85 ಶೇಕಡಾ ತುಂಬುತ್ತೆ ಅಂತ ಹಿಡಿದರೆ ಎಂಜಿನ್ ಒಳಗೆ ಹೋಗಲು ಸಾಧ್ಯ ಇರುವುದು ಸೆಕೆಂಡಿಗೆ 36 ಗ್ರಾಂ ಮಾತ್ರ. ಮಾಫ್ ಲೆಕ್ಕ ಹಾಕಿರೋದು 49. ಉಳಿದ 13 ಗ್ರಾಂ ದಾರಿಯಲ್ಲೇ ಸೋರುತ್ತಿದೆ! ವಿಜಿಟಿ ರೆಕ್ಕೆಗಳು ಮಸಿ ಹಿಡಿದು ತೆರೆದೇ ಸಿಕ್ಕಿಕೊಂಡಿದ್ದರೆ ಮ್ಯಾಪ್, ಮಾಫ್ ಎರಡೂ ಒಟ್ಟಿಗೆ ಬೀಳುತ್ತಿದ್ದವು.

ಅಂದರೆ ಟರ್ಬೊದಿಂದ ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿ ತಂಪು ಮಾಡುವ ಭಾಗ), ಅಲ್ಲಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ವರೆಗಿನ ಹೋಸ್, ಕ್ಲಿಪ್, ಇಂಟರ್‌ಕೂಲರ್ ಇಷ್ಟರಲ್ಲೇ ಹುಡುಕಿ. ಕಣ್ಣಲ್ಲಿ ನೋಡಿದರೆ ಸಾಲದು. ರಬ್ಬರ್ ಬಾಗಿದ ಕಡೆ ಒಳಮಗ್ಗುಲಲ್ಲಿ ಸೀಳು ಇರುತ್ತೆ, ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತೆ. ಟರ್ಬೊ ಬಾಯಿಯ ಹೋಸ್ ಬಿಚ್ಚಿ, ವಾಲ್ವ್ ಇರುವ ಮುಚ್ಚಳ ಹಾಕಿ ಕ್ಲಿಪ್ ಬಿಗಿಯಿರಿ. ರೆಗ್ಯುಲೇಟರ್ ಇಟ್ಟು 0.8 ಬಾರ್ ಗಾಳಿ ಕೊಡಿ, ಮೀರಬೇಡಿ. ಕ್ರ್ಯಾಂಕ್ ನಿಂತ ಜಾಗ ನೋಡಿ ತೆರೆದ ವಾಲ್ವ್ ಮೂಲಕ ಸ್ವಲ್ಪ ಗಾಳಿ ಹೋಗೋದು ಸಹಜ, ಅದನ್ನು ಸೋರಿಕೆ ಅಂದುಕೊಳ್ಳಬೇಡಿ. ಸೋಪಿನ ನೀರು ಸಿಂಪಡಿಸುತ್ತಾ ಹೋಸನ್ನು ಕೈಯಲ್ಲಿ ಅಲ್ಲಾಡಿಸಿ. ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಾದ ಜಾಗ ಮೊದಲು.

ಇನ್ನೊಂದು ಮಾತು, ಇದನ್ನು ಮುಂದೂಡಬೇಡಿ. ಸೋರಿಕೆ ತುಂಬಿಸಲು ಇಸಿಯು ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸುತ್ತೆ. ಹೀಗೇ ಘಾಟಿ ಹತ್ತಿಸುತ್ತಿದ್ದರೆ ಚೆನ್ನಾಗಿರೋ ಟರ್ಬೊದ ಬೇರಿಂಗ್ ಕೂಡ ಹೋಗುತ್ತೆ.

ಉತ್ತರ 3:

ಇಂಟರ್‌ಕೂಲರ್ ಕಡೆ ಹೋಗುವ ಮುಂಚೆ ಐದು ನಿಮಿಷದ ಕೆಲಸ: ಆಕ್ಚುಯೇಟರ್‌ನ (ಟರ್ಬೊ ರೆಕ್ಕೆಗಳನ್ನು ತಿರುಗಿಸುವ ಭಾಗದ) ವ್ಯಾಕ್ಯೂಮ್ ಪೈಪ್ ತೆಗೆದು ಹ್ಯಾಂಡ್ ಪಂಪ್ ಹಾಕಿ ಎಳೆಯಿರಿ. ಕಡ್ಡಿ ತಡವರಿಸದೆ ಸರಾಗವಾಗಿ ಸರಿಯಬೇಕು, ಪಂಪಿನ ಮೀಟರ್ ಮುಳ್ಳು ಒಂದು ನಿಮಿಷ ಇಳಿಯಬಾರದು. ಇದು ಪಾಸಾದರೆ ರೆಕ್ಕೆಗಳು ಸಿಕ್ಕಿಕೊಂಡಿಲ್ಲ ಅಂತ, ಟರ್ಬೊ ಕ್ಲೀನಿಂಗ್ ಸ್ಪ್ರೇ ಯಾರು ಮಾರಲು ಬಂದರೂ ಬೇಡ ಅನ್ನಿ.

ಪ್ರಶ್ನೆ ಕೇಳಿದವರು:

ಆಕ್ಚುಯೇಟರ್ ಪಾಸ್. ಇಂಟರ್‌ಕೂಲರ್‌ನಿಂದ ಮೇಲೆ ಬರುವ ಹೋಸಿನ ಬಾಗಿನಲ್ಲಿ, ಬ್ರಾಕೆಟ್‌ಗೆ ಉಜ್ಜಿದ ಜಾಗದಲ್ಲಿ, ಸುಮಾರು 4 ಸೆಂ.ಮೀ. ಸೀಳು. 0.5 ಬಾರ್‌ವರೆಗೆ ಸುಮ್ಮನಿತ್ತು, ಆಮೇಲೆ ನೊರೆ ಉಕ್ಕಿತು. ಟೇಪ್ ಸುತ್ತಿ ಸದ್ಯಕ್ಕೆ ಓಡಿಸಬಹುದಾ?

ಉತ್ತರ 2:

ಬೇಡ. ಒಳಗೆ ಎಣ್ಣೆ, ಹೊರಗೆ ಬಿಸಿ, ಟೇಪ್ ನಿಲ್ಲಲ್ಲ. ಹೊಸ ಹೋಸ್ ಹಾಕುವಾಗ ಪೈಪಿನ ತುದಿ ಬ್ರೇಕ್ ಕ್ಲೀನರ್‌ನಿಂದ ಒರೆಸಿ ಪೂರ್ತಿ ಒಣಗಿಸಿ, ಜಿಡ್ಡು ಉಳಿದರೆ ಪೂರ್ತಿ ಬೂಸ್ಟ್‌ನಲ್ಲಿ ಹೋಸ್ ಕಳಚಿಕೊಳ್ಳುತ್ತೆ. ಕ್ಲಿಪ್ ಹೊಸದೇ ಇರಲಿ, ಪೈಪಿನ ಉಬ್ಬಿನ ಹಿಂದೆ ಕೂರಬೇಕು. ಬ್ರಾಕೆಟ್ ಬಗ್ಗಿಸಿ ಒಂದು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಹೊಸದೂ ಅಲ್ಲೇ ಸೀಳುತ್ತೆ. ಕೋಡ್ ಅಳಿಸಿ ಅದೇ ಏರಿನಲ್ಲಿ ಮತ್ತೆ ರೀಡಿಂಗ್ ತೆಗೆಯಿರಿ.

ಪ್ರಶ್ನೆ ಕೇಳಿದವರು:

ಹಾಕಿದೆ. ಅದೇ ಏರು, 2,500: ಕೇಳಿದ್ದು 215, ಸಿಕ್ಕಿದ್ದು 212. ಮಾಫ್ 50. ಹೊಗೆ ಇಲ್ಲ, ಕೋಡ್ ಮತ್ತೆ ಬಂದಿಲ್ಲ. ಟರ್ಬೊ ಹಳೆಯದೇ.