ಸಹಾಯ ಬೇಕು: ಮಳೆ ಹಿಡಿದ ಮೇಲೆ ಚೀಸ್ ಉಬ್ಬುತ್ತಿದೆ

ನಾನು ಶಿರಸಿ ಕಡೆಯವಳು. ಮನೆಯ ಮಲೆನಾಡು ಗಿಡ್ಡ ಹಸುವಿನ ಹಾಲಲ್ಲಿ ಗೌಡಾ (ಹಾಲೆಂಡಿನ ಒಂದು ಚೀಸ್) ಥರದ ಚೀಸ್ ಮಾಡುತ್ತೇನೆ. ಹುಳಿ ಬರಲು ಲ್ಯಾಕ್ಟೋಕಾಕಸ್ ಬ್ಯಾಕ್ಟೀರಿಯಾದ ಕಲ್ಚರ್ (ಹೆಪ್ಪು), ಹಾಲು ಗಟ್ಟಿಯಾಗಲು ರೆನೆಟ್ ಅನ್ನೋ ಕಿಣ್ವ. ಬೇಸಿಗೆಯಲ್ಲಿ ಚೆನ್ನಾಗಿಯೇ ಬಂತು. ಈಗ ಅಚ್ಚಿನಿಂದ ತೆಗೆದ ಮರುದಿನವೇ ಉಬ್ಬುತ್ತದೆ. ಕೊಯ್ದರೆ ಒಳಗೆಲ್ಲ ಸಾಸಿವೆ ಗಾತ್ರದ ತೂತು, ಕೊಟ್ಟಿಗೆ ವಾಸನೆ ಬೇರೆ.

ಸ್ವಿಸ್ ಚೀಸಿನ ದೊಡ್ಡ ತೂತು ಪ್ರೊಪಿಯಾನಿಕ್ ಬ್ಯಾಕ್ಟೀರಿಯಾದ ಕೆಲಸ, ಅದಕ್ಕೆ ವಾರಗಟ್ಟಲೆ ಬೇಕು. ಇಷ್ಟು ಬೇಗ ಅಂದರೆ ಕೋಲಿಫಾರ್ಮ್ (ಸಗಣಿ, ಕೊಳಕು ನೀರಲ್ಲಿರುವ ಬ್ಯಾಕ್ಟೀರಿಯಾ) ಇಲ್ಲವೇ ಯೀಸ್ಟ್ ಅಲ್ವಾ? ಆದರೆ ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಆರಿಸಿಯೇ ಕಲ್ಚರ್ ಹಾಕುವುದು. ಹಾಗಾದರೆ ಆಮೇಲೆ ಎಲ್ಲಿಂದ ಸೇರುತ್ತಿದೆ? ಒಣಗದ ಬಟ್ಟೆಯಿಂದಲೋ, ಬಾವಿ ನೀರಿಂದಲೋ? ಚೀಸಿಗೆ ಒಡೆದು ಗಟ್ಟಿಯಾದ ಹಾಲಿನ ಗಡ್ಡೆ ತೊಳೆಯಲು ಅದೇ ಬಾವಿ ನೀರು.

ಶಿರಸಿ, ಕಾರವಾರ ಕಡೆ ಹಾಲು, ನೀರು ಎರಡನ್ನೂ ಪರೀಕ್ಷೆ ಮಾಡುವವರು ಗೊತ್ತಿದ್ದರೆ ತಿಳಿಸಿ. ಉಬ್ಬಿದ್ದನ್ನೆಲ್ಲ ಎಸೆದಾಯ್ತು, "ಸುಮ್ನೆ ತಿನ್ನಿ, ಏನಾಗಲ್ಲ" ಅನ್ನಬೇಡಿ ಮಾರಾಯ್ರೆ.