ಎದೆಹಾಲು ಸಾಲುತ್ತಿಲ್ಲ ಎಂದು ತಿಳಿಯುವುದು ಹೇಗೆ, ಡಬ್ಬಿ ಹಾಲು ಕೊಡಬೇಕೇ?

ಕುಮಟಾದ ಬಾಣಂತಿ:
ಎಲ್ಲರಿಗೂ ನಮಸ್ಕಾರ. ನನ್ನದು ಚೊಚ್ಚಲ ಹೆರಿಗೆ, ಸಿಸೇರಿಯನ್ ಆಗಿದೆ, ನಾಳೆಗೆ ಮಗುವಿಗೆ 21 ದಿನ ತುಂಬುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿನಿಂದ ರಾತ್ರಿ ಊಟದವರೆಗೂ ಮಗು ಮೊಲೆ ಬಿಡುವುದೇ ಇಲ್ಲ, ಬಿಡಿಸಿದರೆ ಅಳುತ್ತದೆ. ಮೊದಲ ವಾರ ಕಲ್ಲಿನಂತೆ ಗಟ್ಟಿಯಾಗುತ್ತಿದ್ದ ಎದೆ ಈಗ ಮೆತ್ತಗಾಗಿದೆ, ಪಂಪ್ ಹಾಕಿದರೆ ಬಾಟಲಿಯ ತಳ ಮುಚ್ಚುವಷ್ಟೂ ಹಾಲು ಬರುವುದಿಲ್ಲ. ಡಬ್ಬಿ ಹಾಲು ಶುರು ಮಾಡೋಣ ಎಂದು ಅತ್ತೆಯವರು ಹೇಳುತ್ತಾರೆ, ಈಗಲೇ ಬೇಡ ಎಂದು ಅಮ್ಮ ಹೇಳುತ್ತಾರೆ. ಇಬ್ಬರಿಗೂ ಮಗುವಿನ ಮೇಲಿನ ಪ್ರೀತಿಯೇ ಕಾರಣ ಎಂಬುದು ನನಗೆ ಗೊತ್ತು, ಆದರೆ ಯಾರ ಮಾತು ಸರಿ ಎಂಬುದು ತಿಳಿಯದೆ ದಿಕ್ಕು ತೋಚದಂತಾಗಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಶಿರಸಿ ಕಡೆಯ ಅಜ್ಜಿ:
ತಂಗಿ, ಹೆದರಬೇಡ. ಮೆಂತೆ ಗಂಜಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಹಾಲಿನಲ್ಲಿ ಕಾಸಿದ ಶತಾವರಿ ಬೇರು, ಇವುಗಳನ್ನು ತಪ್ಪದೆ ತೆಗೆದುಕೊಂಡರೆ ಹಾಲು ಬಂದೇ ಬರುತ್ತದೆ. ನನ್ನ ಹೆಣ್ಣುಮಕ್ಕಳ ಬಾಣಂತನವನ್ನೂ ಸೊಸೆಯ ಬಾಣಂತನವನ್ನೂ ಹೀಗೆಯೇ ಮಾಡಿದ್ದೇನೆ. ತಣ್ಣೀರು ಮಾತ್ರ ಬೇಡ, ಬಿಸಿನೀರನ್ನೂ ಲೆಕ್ಕದಲ್ಲಿ ಕುಡಿಯಬೇಕು, ಇಲ್ಲವಾದರೆ ಹೊಟ್ಟೆ ದೊಡ್ಡದಾಗಿ ಉಳಿದುಬಿಡುತ್ತದೆ. ನಮ್ಮ ಕಾಲದಲ್ಲಿ ಹಾಲಿಲ್ಲದ ತಾಯಿ ಎಂಬುವಳನ್ನು ನಾನು ಕಂಡವಳಲ್ಲ.

ಅಂಕೋಲಾದ ನರ್ಸ್:
ಅಜ್ಜಿಯವರ ಪ್ರೀತಿಗೆ ನಮಸ್ಕರಿಸಿ ಕೆಲವು ಮಾತುಗಳನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಮೊದಲು ಮಗುವಿನ ತಾಯಿಗೆ: ನೀವು ಬರೆದ ಲಕ್ಷಣಗಳಲ್ಲಿ ಒಂದರಿಂದಲೂ ಹಾಲು ಕಡಿಮೆಯಿದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಮೊದಲ ದಿನಗಳಲ್ಲಿ ಎದೆ ಗಟ್ಟಿಯಾಗುವುದು ಹಾಲಿಳಿಯುವಾಗಿನ ಬಾವಿನಿಂದ. ಮಗು ಕುಡಿಯುವಷ್ಟನ್ನೇ ತಯಾರಿಸುವುದು ದೇಹಕ್ಕೆ ರೂಢಿಯಾದ ಮೇಲೆ ಎದೆ ಮೆತ್ತಗಾಗುತ್ತದೆ. ಸಂಜೆಯ ಹೊತ್ತು ಬಿಡದೆ ಕುಡಿಯುವುದು ಈ ವಯಸ್ಸಿನ ಬಹಳಷ್ಟು ಮಕ್ಕಳ ರೂಢಿ. ಪಂಪಿಗೆ ಬಾರದ ಹಾಲು ಚೆನ್ನಾಗಿ ಚೀಪುವ ಮಗುವಿಗೆ ಬರಬಹುದು.

ನೋಡಬೇಕಾದದ್ದು ಮೂತ್ರವನ್ನು ಮತ್ತು ತೂಕವನ್ನು. ಐದನೆಯ ದಿನದ ನಂತರ ಹಗಲು ರಾತ್ರಿ ಸೇರಿ ಕನಿಷ್ಠ 6 ಬಾರಿ ಬಟ್ಟೆ ಚೆನ್ನಾಗಿ ಒದ್ದೆಯಾಗಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ, ಆದರೆ ಶೇಕಡಾ 10ರಷ್ಟು ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸುಮಾರು ಎರಡು ವಾರಗಳಲ್ಲಿ ಹುಟ್ಟಿದ ತೂಕ ಮರಳಿ ಬರಬೇಕು, ಆಮೇಲೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಬರಬೇಕಾದ ದಿನಗಳಲ್ಲಿ 14, 21, 28 ಮತ್ತು 42ನೆಯ ದಿನಗಳು ಸೇರಿವೆ. ನಾಳೆ ಅವರು ಬಂದಾಗ ಮಗುವಿನ ಬಟ್ಟೆ ಬಿಚ್ಚಿ ತೂಗಿಸಿ, ಹಿಂದಿನ ತೂಕದ ಜೊತೆ ಹೋಲಿಸಿ ಇಲ್ಲಿ ಬರೆಯಿರಿ.

ಹಾಲು ಉತ್ಪತ್ತಿಯಾಗುವುದು ಎದೆ ಖಾಲಿಯಾದಂತೆಲ್ಲ. ತುಂಬಿದ ಎದೆಯಲ್ಲಿ ಉತ್ಪತ್ತಿ ನಿಧಾನವಾಗುತ್ತದೆ. ಆದ್ದರಿಂದ ದಿನಕ್ಕೆ 8ರಿಂದ 12 ಬಾರಿ, ರಾತ್ರಿಯೂ ಬಿಡದೆ ಕುಡಿಸಬೇಕು. ಹಾಲನ್ನು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು. ಸಿಸೇರಿಯನ್ ಗಾಯ ನೋಯುತ್ತಿದ್ದರೆ ಮಗುವನ್ನು ಹೊಟ್ಟೆಯ ಮೇಲೆ ಹಾಕಿಕೊಳ್ಳದೆ, ಪಕ್ಕದಲ್ಲಿ ದಿಂಬಿಟ್ಟು, ಅದರ ಕಾಲುಗಳು ನಿಮ್ಮ ಬೆನ್ನಿನ ಕಡೆಗೆ ಬರುವಂತೆ ಕಂಕುಳ ಕೆಳಗೆ ಹಿಡಿದುಕೊಳ್ಳಿ. ಮಗುವಿನ ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆದಾಗಲೇ ಎದೆಗೆ ತಂದುಕೊಳ್ಳಬೇಕು. ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲಿಗಿಂತ ಕೆಳಗೆ ಹೆಚ್ಚಾಗಿ ಬಾಯೊಳಗಿರಬೇಕು. ಬರೀ ತೊಟ್ಟನ್ನು ಕಚ್ಚಿಕೊಂಡರೆ ತಾಯಿಗೆ ನೋವು, ಮಗುವಿಗೆ ಹಸಿವು. ಚೀಪುವುದು ನಿಧಾನವಾದಾಗ ಎದೆಯನ್ನು ಕೈಯಿಂದ ಮೆಲ್ಲಗೆ ಒತ್ತಿಕೊಟ್ಟರೆ ನುಂಗುವ ಸದ್ದು ಮತ್ತೆ ಕೇಳಿಸುತ್ತದೆ.

ನೀರಿನ ವಿಷಯದಲ್ಲಿ ಅಜ್ಜಿಯವರ ಮಾತನ್ನು ನಾನು ಒಪ್ಪಲಾರೆ. ಬಾಯಾರಿದಷ್ಟು ಕುಡಿಯಲೇಬೇಕು, ಅದರಲ್ಲೂ ಕರಾವಳಿಯ ಈ ಸೆಕೆಯಲ್ಲಿ. ಬಾಯಾರಿಕೆ ಮೀರಿ ಕುಡಿದರೆ ಹಾಲು ಹೆಚ್ಚುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ಹೊನ್ನಾವರದ ಶಿಕ್ಷಕಿ:
ನರ್ಸ್ ಅಕ್ಕನವರು ಹೇಳಿದ್ದೆಲ್ಲ ಸರಿ, ಆದರೆ ಹಾಲಿಲ್ಲದ ತಾಯಿಯನ್ನು ಕಂಡಿಲ್ಲ ಎಂಬ ಮಾತು ನನ್ನಂಥವರನ್ನು ಎಷ್ಟು ನೋಯಿಸುತ್ತದೆ ಎಂಬುದನ್ನು ಹೇಳಲೇಬೇಕು. ನನಗೆ ನಿಜವಾಗಿಯೂ ಹಾಲು ಕಡಿಮೆಯಿತ್ತು. ಆಸ್ಪತ್ರೆಯಲ್ಲೂ ಮನೆಯಲ್ಲೂ ಕುಡಿಸುತ್ತಾ ಇರು, ಬರುತ್ತದೆ ಎಂದೇ ಎಲ್ಲರೂ ಹೇಳಿದರು. ಮಗು ಅಳುವುದನ್ನೂ ನಿಲ್ಲಿಸಿ ಸುಮ್ಮನೆ ಮಲಗತೊಡಗಿದಾಗ ಒಳ್ಳೆಯ ಮಗು ಎಂದು ಹೊಗಳಿದರು. ಅದು ಬಸವಳಿದು ಮಲಗುತ್ತಿತ್ತು ಎಂದು ತೂಗಿ ನೋಡಿದ ಮೇಲೆಯೇ ತಿಳಿದದ್ದು. ಪರೀಕ್ಷೆ ಮಾಡಿಸಿದಾಗ ನನಗೆ ಥೈರಾಯ್ಡ್ ಕೊರತೆ ಇರುವುದು ಗೊತ್ತಾಯಿತು.

ಮಾಸಿನ ಚೂರು ಗರ್ಭಕೋಶದಲ್ಲಿ ಉಳಿದಿದ್ದರೆ, ಹೆರಿಗೆಯಲ್ಲಿ ಬಹಳ ರಕ್ತ ಹೋಗಿದ್ದರೆ, ಪಿಸಿಓಡಿ (ಅಂಡಾಶಯದ ಹಾರ್ಮೋನಿನ ತೊಂದರೆ) ಇದ್ದರೆ, ಹಿಂದೆ ಎದೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಬೇಗ ಶುರು ಮಾಡಿದ್ದರೆ ಕೂಡ ಹಾಲು ಕಡಿಮೆಯಾಗಬಹುದು. ಇವು ಯಾವುವೂ ತಾಯಿಯ ಮನಸ್ಸಿನ ಗಟ್ಟಿತನಕ್ಕೆ ಸಂಬಂಧಿಸಿದವಲ್ಲ. ವೈದ್ಯರ ಮಾತಿನಂತೆ ಕೆಲವು ವಾರ ಅಳೆದು ಡಬ್ಬಿ ಹಾಲನ್ನು ಒಳಲೆಯಲ್ಲಿ (ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಕೊಟ್ಟೆ, ಪ್ರತಿ ಸಲವೂ ಮೊದಲು ಎದೆ ಕೊಟ್ಟು ಆಮೇಲೆ. ಮಾತ್ರೆಯಿಂದ ಥೈರಾಯ್ಡ್ ಹಿಡಿತಕ್ಕೆ ಬಂದಂತೆ ಹಾಲು ಹೆಚ್ಚಿತು, ಡಬ್ಬಿ ಹಾಲು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ, ಆದರೆ ಮಗು ಎರಡು ವರ್ಷದವರೆಗೂ ಎದೆಹಾಲು ಕುಡಿಯಿತು.

ಕಾರವಾರದ ಮೀನುಗಾರರ ಮನೆಯ ಸೊಸೆ:
ನಮ್ಮ ಕಡೆ ಬಾಣಂತಿಗೆ ಮೋರಿ ಮೀನು ಕೊಡದ ಮನೆಯೇ ಇಲ್ಲ. ಸಣ್ಣ ಮೋರಿಯನ್ನು ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಸುಕ್ಕ ಮಾಡಿಕೊಟ್ಟರೆ ಹಾಲು ಹೆಚ್ಚುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಮೀನು ತಿನ್ನುವವರಾದರೆ ಪ್ರಯತ್ನಿಸಿ ನೋಡಬಹುದು.

ಯಲ್ಲಾಪುರದ ತಂದೆ:
ನನ್ನ ಪ್ರಶ್ನೆ ಬೇರೆ. ರಾತ್ರಿ ಒಂದೇ ಒಂದು ಬಾಟಲಿ ಡಬ್ಬಿ ಹಾಲು ಕೊಟ್ಟರೆ ತಾಯಿ ನಾಲ್ಕು ಗಂಟೆ ನಿದ್ರಿಸುತ್ತಾಳೆ. ಅದರಲ್ಲಿ ತಪ್ಪೇನು? ಹಾಲು ಹೆಚ್ಚಿಸುವ ಮಾತ್ರೆಯೂ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆಯಂತೆ, ಅದನ್ನು ಏಕೆ ಯಾರೂ ಹೇಳುತ್ತಿಲ್ಲ?

ಅಂಕೋಲಾದ ನರ್ಸ್:
ಅಣ್ಣ, ತಾಯಿಯ ನಿದ್ದೆಯ ಬಗ್ಗೆ ನೀವು ಯೋಚಿಸಿದ್ದು ಸಂತೋಷ. ಆದರೆ ರಾತ್ರಿ ಒಂದು ಬಾಟಲಿ ಕೊಟ್ಟರೆ ಎದೆ ನಾಲ್ಕೈದು ಗಂಟೆ ತುಂಬಿಯೇ ಉಳಿಯುತ್ತದೆ, ಅಷ್ಟು ಬೇಡಿಕೆ ಇಲ್ಲವೆಂದು ದೇಹ ತಿಳಿಯುತ್ತದೆ, ಕೆಲವೇ ದಿನಗಳಲ್ಲಿ ಒಂದು ಬಾಟಲಿ ಎರಡಾಗುತ್ತದೆ. ನಿಜವಾಗಿ ಹಾಲು ಸಾಕಷ್ಟಿರುವ ತಾಯಿಯರಲ್ಲಿ ಕೊರತೆ ಹುಟ್ಟುವುದು ಬಹಳ ಸಲ ಹೀಗೆಯೇ. ಕೊಡಲೇಬೇಕಾದರೆ ಅದೇ ಹೊತ್ತಿಗೆ ಕೈಯಿಂದಾಗಲಿ ಪಂಪಿನಿಂದಾಗಲಿ ಹಾಲು ತೆಗೆಯಬೇಕು. ಅದಕ್ಕಿಂತ ಮಗುವನ್ನು ಎತ್ತಿಕೊಟ್ಟು, ಕುಡಿದ ಮೇಲೆ ತೇಗಿಸಿ ಮಲಗಿಸುವ ಕೆಲಸವನ್ನು ನೀವು ವಹಿಸಿಕೊಂಡರೆ ತಾಯಿಗೆ ನಿದ್ದೆಯೂ ಸಿಗುತ್ತದೆ, ಹಾಲೂ ಉಳಿಯುತ್ತದೆ.

ಮಾತ್ರೆಯ ಮಾತು ಗಂಭೀರವಾದದ್ದು. ಡೊಂಪೆರಿಡೋನ್ ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲದು, ಮೆಟೊಕ್ಲೊಪ್ರಮೈಡ್ ಖಿನ್ನತೆಯನ್ನು ತರಬಲ್ಲದು. ವೈದ್ಯರ ಚೀಟಿಯಿಲ್ಲದೆ ಇವನ್ನು ಮುಟ್ಟಬೇಡಿ. ಮೆಂತೆ, ಸಬ್ಬಸಿಗೆಯನ್ನು ಅಡುಗೆಯಲ್ಲಿ ಬಳಸುವುದಕ್ಕೆ ನನ್ನ ತಕರಾರಿಲ್ಲ. ಪುಡಿ, ಲೇಹ್ಯಗಳ ರೂಪದಲ್ಲಿ ಹೆಚ್ಚಾಗಿ ತೆಗೆದುಕೊಳ್ಳುವುದಾದರೆ ಮಾತ್ರ ವೈದ್ಯರನ್ನು ಕೇಳಿ, ಏಕೆಂದರೆ ಮೆಂತೆ ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲದು. ಮೋರಿ ಶಾರ್ಕ್ ಜಾತಿಯದು, ದೊಡ್ಡದಾದಷ್ಟೂ ಅದರ ಮಾಂಸದಲ್ಲಿ ಪಾದರಸ ಹೆಚ್ಚು. ಬಾಣಂತಿಗೆ ಬಾಂಗಡೆ, ತಾರ್ಲೆ ಒಳ್ಳೆಯವು.

ಡಬ್ಬಿ ಹಾಲು ವೈದ್ಯರು ಹೇಳಿದಾಗ ಔಷಧಿಯಂತೆ ಉಪಯೋಗಕ್ಕೆ ಬರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ 1992ರ ಕಾಯ್ದೆ ನಿಷೇಧಿಸಿದೆ ಎಂಬುದನ್ನು ಎಲ್ಲರೂ ನೆನಪಿಡಬೇಕು. ಡಬ್ಬಿಯಲ್ಲಿ ಹೇಳಿದ ಅಳತೆಯನ್ನು ಬಿಟ್ಟು ನೀರು ಮಾಡಿ ಕೊಡುವುದು, ಹಸುವಿನ ಹಾಲು, ಜೇನು, ಸಕ್ಕರೆ ನೀರು ಕೊಡುವುದು, ಇವು ಯಾವುವೂ ಕೂಡದು. ಒಳಲೆಯನ್ನು ಪ್ರತಿ ಸಲ ತೊಳೆದು ಕುದಿಸಬೇಕು, ಅದರ ಮೂತಿಯ ಸಂದಿನಲ್ಲಿ ಹಾಲು ಕಟ್ಟಿಕೊಳ್ಳುತ್ತದೆ.

ಶಿರಸಿ ಕಡೆಯ ಅಜ್ಜಿ:
ಶಿಕ್ಷಕಿ ತಂಗಿಯ ಮಾತು ಓದಿ ಸಂಕಟವಾಯಿತು. ನನ್ನ ಮಾತು ಯಾವ ತಾಯಿಯನ್ನೂ ದೂರುವುದಕ್ಕಲ್ಲ. ಆದರೂ ಒಂದನ್ನು ನಾನು ಬಿಟ್ಟುಕೊಡಲಾರೆ: ಬಾಣಂತನ ಎಂದರೆ ಬರೀ ಗಂಜಿ, ಕಷಾಯ ಅಲ್ಲ, ತಾಯಿಯ ಕೈಗೆ ಬೇರೆ ಕೆಲಸವನ್ನೇ ಕೊಡದಿರುವುದು. ನೋಡಲು ಬಂದ ನೆಂಟರಿಗೆಲ್ಲ ಬಾಣಂತಿಯೇ ಎದ್ದು ಉತ್ತರ ಹೇಳುವ ಮನೆಯಲ್ಲಿ ಯಾವ ಬೇರು ಅರೆದು ಕೊಟ್ಟರೂ ಫಲವಿಲ್ಲ.

ಕುಮಟಾದ ಬಾಣಂತಿ:
ಆಶಾ ಅಕ್ಕ ಇಂದು ಬಂದಿದ್ದರು. ಹುಟ್ಟಿದಾಗ 2 ಕೆಜಿ 800 ಗ್ರಾಂ, 14ನೆಯ ದಿನ 2 ಕೆಜಿ 760, ಇಂದು 2 ಕೆಜಿ 880. ಬಟ್ಟೆ ದಿನಕ್ಕೆ ಏಳು ಸಲ ಒದ್ದೆಯಾಗುತ್ತದೆ. ಅವರೇ ಕೂತು ನೋಡಿ, ಮಗು ಬಲಗಡೆ ಬರೀ ತೊಟ್ಟನ್ನು ಹಿಡಿಯುತ್ತಿದೆ ಎಂದರು. ಕಂಕುಳ ಕೆಳಗೆ ಹಿಡಿದು ಕುಡಿಸಿದಾಗ ನೋವು ಕಡಿಮೆಯಾಯಿತು.

ಅಂಕೋಲಾದ ನರ್ಸ್:
ವಾರಕ್ಕೆ 120 ಗ್ರಾಂ ಎಂದರೆ ದಿನಕ್ಕೆ 17 ಗ್ರಾಂ. ಏರುತ್ತಿದೆ, ಆದರೆ ಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆ, ಹುಟ್ಟಿದ ತೂಕ ಮರಳಿದ್ದೂ ತುಸು ತಡವಾಗಿ. ಈ ಅಂಕಿಗಳನ್ನು ಹಿಡಿದು ನಾಳೆಯೇ ಮಕ್ಕಳ ವೈದ್ಯರನ್ನು ಕಾಣಿರಿ, ನಾಲಗೆಯ ಕೆಳಗಿನ ಪೊರೆ ಬಿಗಿಯಾಗಿದೆಯೇ ಎಂದು ನೋಡಲು ಹೇಳಿ. ಡಬ್ಬಿ ಹಾಲು ಬೇಕೇ, ಎಷ್ಟು ಬೇಕು ಎಂಬುದನ್ನು ಅವರೇ ನಿರ್ಧರಿಸಲಿ. ಪ್ರತಿ ಸಲ ಕುಡಿಸಿದ ಮೇಲೆ ಹತ್ತು ನಿಮಿಷ ಕೈಯಿಂದ ಹಾಲು ಹಿಂಡಿ, ಬಂದಷ್ಟನ್ನು ಒಳಲೆಯಲ್ಲಿ ಮಗುವಿಗೇ ಕೊಡಿ. ಈ ನಡುವೆ ಮಗು ಕುಡಿಯಲು ಏಳದೆ ಮಂಕಾಗಿ ಮಲಗಿದರೆ ಅಥವಾ ಮೂತ್ರ ಕಡಿಮೆಯಾದರೆ ರಾತ್ರಿಯೇ ಆದರೂ ಆಸ್ಪತ್ರೆಗೆ ಹೋಗಿರಿ.

ಹೊನ್ನಾವರದ ಶಿಕ್ಷಕಿ:
ಜೊತೆಗೆ ನಿಮ್ಮ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗೂ ಚೀಟಿ ಬರೆಸಿಕೊಳ್ಳಿ.

ಕುಮಟಾದ ಬಾಣಂತಿ:
ನಾಳೆ ಬೆಳಿಗ್ಗೆ ಅಮ್ಮ, ಅತ್ತೆ ಇಬ್ಬರೂ ಜೊತೆಗೆ ಬರುತ್ತಿದ್ದಾರೆ, ಇಬ್ಬರೂ ವೈದ್ಯರ ಮಾತನ್ನು ನೇರವಾಗಿ ಕೇಳಲಿ ಎಂಬುದು ನನ್ನ ಆಸೆ. 28ನೆಯ ದಿನದ ತೂಕವನ್ನು ಇಲ್ಲಿಯೇ ಬರೆಯುತ್ತೇನೆ.