ಲೈಫ್‌ಸೈಕಲ್ ಕಾಲ್‌ಬ್ಯಾಕ್: ‘ಮರುಕರೆ’ಯೋ ‘ಹಂತಕರೆ’ಯೋ?

ಜಾವಾದ ಸ್ಪ್ರಿಂಗ್ ಎಂಬ ಫ್ರೇಮ್‌ವರ್ಕ್‌ನಲ್ಲಿ ‘ಬೀನ್’ ಎಂಬ ಆಬ್ಜೆಕ್ಟ್‌ಗಳನ್ನು ಕಟ್ಟಿ ನೋಡಿಕೊಳ್ಳುವುದು ‘ಕಂಟೇನರ್’. ಬೀನ್‌ನ ಬಾಳಿನ ಗೊತ್ತಾದ ಹಂತಗಳಲ್ಲಿ ಕಂಟೇನರ್ ನಾವು ಬರೆದ ಮೆಥಡ್‌ಅನ್ನು ಕರೆಯುವುದೇ ಲೈಫ್‌ಸೈಕಲ್ ಕಾಲ್‌ಬ್ಯಾಕ್. ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ಕಾಲ್‌ಬ್ಯಾಕ್ ಎಂದಕೂಡಲೇ ಹೊಳೆಯುವ ಪದ ‘ಮರುಕರೆ’. ಆದರೆ ಮರುಮುದ್ರಣ, ಮರುಪರೀಕ್ಷೆಗಳಲ್ಲಿರುವ ‘ಮರು’ವಿಗೆ ‘ಇನ್ನೊಮ್ಮೆ’ ಎಂಬ ಅರ್ಥ. ಸ್ಪ್ರಿಂಗ್‌ನಲ್ಲಿ ಪೋಸ್ಟ್‌ಕನ್‌ಸ್ಟ್ರಕ್ಟ್ (‘ಕಟ್ಟಿದ ಮೇಲೆ’) ಗುರುತಿನ ಮೆಥಡ್‌ಅನ್ನು ಕಂಟೇನರ್ ಒಂದು ಬೀನ್‌ಗೆ ಒಂದೇ ಸಲ ಕರೆಯುತ್ತದೆ. ಇನ್ನೊಮ್ಮೆಯ ಮಾತೇ ಇಲ್ಲ. ‘ಹಿಂಕರೆ’ಯೂ ಒಗ್ಗದು. ಹಿಂಪಡೆ, ಹಿಂತೆಗೆಗಳ ಹಾಗೆ ಅದಕ್ಕೂ ವಾಪಸು ಕರೆಸಿಕೊಳ್ಳುವ ವಾಸನೆ. ಮೆಥಡ್ ಬರೆಯುವವರು ನಾವು, ಕರೆಯುವುದು ಕಂಟೇನರ್, ಅದೂ ಗೊತ್ತಾದ ಹಂತದಲ್ಲಿ. ಹಾಗಾಗಿ ‘ಹಂತಕರೆ’ ಎಂದರೆ ಹೇಗೆ?

ಇನ್ನು ಲೈಫ್‌ಸೈಕಲ್. ‘ಜೀವನಚಕ್ರ’ ಚಿಟ್ಟೆಗೆ ಒಪ್ಪುತ್ತದೆ, ಬೀನ್‌ಗಲ್ಲ. ಕೇಳಿದಾಗಲೆಲ್ಲ ಹೊಸದಾಗಿ ಕಟ್ಟಿಕೊಡುವ ಪ್ರೋಟೋಟೈಪ್ ಬೀನ್‌ಗಂತೂ ಕೊನೆಯ ಕರೆಯೇ ಇಲ್ಲ: ಕಂಟೇನರ್ ಅದನ್ನು ಕಟ್ಟಿಕೊಟ್ಟು ಕೈತೊಳೆದುಕೊಳ್ಳುತ್ತದೆ, ಅಳಿಯುವ ಮುನ್ನ ಕರೆಯುವ ಪ್ರೀಡೆಸ್ಟ್ರಾಯ್ ಗುರುತಿನ ಮೆಥಡ್ ಓಡುವುದಿಲ್ಲ, ಬೀನ್ ತೆರೆದ ಕನೆಕ್ಷನ್ ಮುಚ್ಚುವ ಹೊಣೆ ಅದನ್ನು ಪಡೆದುಕೊಂಡವರದು.

ನಿಜವಾದ ತೊಡಕು ‘ಇನಿಶಿಯಲೈಸ್’ನದು. ‘ಆರಂಭ’ ಎಂದುಬಿಟ್ಟರೆ ಮೂರು ಬೇರೆ ಸಂಗತಿಗಳು ಒಂದೇ ಪದದಡಿ ಮುಚ್ಚಿಹೋಗುತ್ತವೆ. ಮೊದಲು ಆಬ್ಜೆಕ್ಟ್ ಕಟ್ಟುವ ಕನ್‌ಸ್ಟ್ರಕ್ಟರ್, ಅದು ‘ಹುಟ್ಟು’. ಅವಲಂಬನೆಗಳು (ಬೀನ್‌ಗೆ ಬೇಕಾದ ಇತರ ಆಬ್ಜೆಕ್ಟ್‌ಗಳು) ಸೇರಿದ ಮೇಲೆ ಪೋಸ್ಟ್‌ಕನ್‌ಸ್ಟ್ರಕ್ಟ್, ಆಮೇಲೆ ಇನಿಶಿಯಲೈಸಿಂಗ್‌ಬೀನ್‌ನ ಆಫ್ಟರ್‌ಪ್ರಾಪರ್ಟೀಸ್‌ಸೆಟ್, ಅದಾದ ಮೇಲೆ ನಾವೇ ಹೆಸರಿಸಿದ ಇನಿಟ್‌ಮೆಥಡ್; ಈ ಮೂರನ್ನು ‘ಸಜ್ಜು’ ಎನ್ನೋಣ. ಆಸ್ಪೆಕ್ಟ್‌ಗಳನ್ನು (ಟ್ರಾನ್ಸಾಕ್ಷನ್‌ನಂಥ ಹೆಚ್ಚುವರಿ ಕೆಲಸಗಳನ್ನು) ಹೊತ್ತು ಬೀನ್‌ನ ಮುಂದೆ ನಿಲ್ಲುವ ಪ್ರಾಕ್ಸಿ ಸಾಮಾನ್ಯವಾಗಿ ಬರುವುದು ಇದೆಲ್ಲ ಮುಗಿದ ಮೇಲೆ, ಪೋಸ್ಟ್‌ಪ್ರಾಸೆಸ್‌ಆಫ್ಟರ್‌ಇನಿಶಿಯಲೈಸೇಶನ್ ಎಂಬ ಹಂತದಲ್ಲಿ. ಅದು ‘ಹೊದಿಕೆ’.

ಇದು ಬರೀ ಪದದ ಮಡಿವಂತಿಕೆಯಲ್ಲ. ‘ಆರಂಭವಾದ ನಂತರ’ ಎಂದು ಓದಿದವರು ಎಲ್ಲವೂ ತಯಾರಿದೆಯೆಂದು ನಂಬಿ, ಪೋಸ್ಟ್‌ಕನ್‌ಸ್ಟ್ರಕ್ಟ್ ಒಳಗಿನಿಂದ ಅದೇ ಬೀನ್‌ನ ಟ್ರಾನ್ಸಾಕ್ಷನಲ್ (ಡೇಟಾಬೇಸ್ ಕೆಲಸವನ್ನು ಪೂರ್ತಿ ಇಲ್ಲವೇ ಏನೂ ಇಲ್ಲ ಎಂಬಂತೆ ನಡೆಸುವ) ಮೆಥಡ್ ಕರೆಯುತ್ತಾರೆ. ಕರೆ ಹೊದಿಕೆಯಿಲ್ಲದ ಬರಿಮೈ ಆಬ್ಜೆಕ್ಟ್‌ಗೆ ಹೋಗುತ್ತದೆ, ಟ್ರಾನ್ಸಾಕ್ಷನ್ ತೆರೆಯುವುದಿಲ್ಲ, ಹಾಗೆಂದು ಯಾರೂ ಎಚ್ಚರಿಸುವುದೂ ಇಲ್ಲ. ಆ ಕೆಲಸವನ್ನು ಕಂಟೇನರ್ ಸಿದ್ಧವಾದಾಗ ಹೊರಡುವ ಕಾಂಟೆಕ್ಸ್ಟ್‌ರಿಫ್ರೆಶ್ಡ್ ಈವೆಂಟ್ ಬಂದಾಗ ಬೇರೊಂದು ಬೀನ್‌ನಿಂದ ಕರೆಸಿದರೆ ಪ್ರಾಕ್ಸಿಯ ಮೂಲಕವೇ ಹೋಗುತ್ತದೆ. ಅದೇ ಬೀನ್‌ನೊಳಗೆ ‘ದಿಸ್’ (ಆಬ್ಜೆಕ್ಟ್ ತನ್ನನ್ನೇ ಸೂಚಿಸುವ ಪದ) ಹಿಡಿದು ಕರೆದರೆ ಆಗಲೂ ಹೊದಿಕೆ ತಪ್ಪಿಹೋಗುತ್ತದೆ.

‘ಇಂಟರ್‌ಫೇಸ್’ (ಕ್ಲಾಸ್ ಒದಗಿಸಬೇಕಾದ ಮೆಥಡ್‌ಗಳ ಪಟ್ಟಿ) ಎಂಬ ಪದ ಹಾಗೇ ಇರಲಿ. ಆದರೆ ಹಂತಕರೆಯ ಇಂಟರ್‌ಫೇಸ್ ಬಳಸುವವರತ್ತ ಅಲ್ಲ, ಕಂಟೇನರ್‌ನತ್ತ ಮುಖ ಮಾಡಿದ್ದು. ಇಂಟರ್‌ಫೇಸ್ ಆಧರಿಸಿ ಕಟ್ಟುವ ಜೆಡಿಕೆ ಪ್ರಾಕ್ಸಿ ಸಾಕೇ ಎಂದು ನೋಡುವಾಗ ಸ್ಪ್ರಿಂಗ್ ಇನಿಶಿಯಲೈಸಿಂಗ್‌ಬೀನ್, ಡಿಸ್ಪೋಸಬಲ್‌ಬೀನ್ ಎಂಬ ಹಂತಕರೆಯ ಇಂಟರ್‌ಫೇಸ್‌ಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ದಿಕ್ಕು ‘ಹಂತಕರೆ’ಯಲ್ಲಿ ಕೇಳಿಸುತ್ತದೆಯೇ? ಇನ್ನೊಂದು ಅನುಮಾನ: ‘ಹಂತಕರೆ ಬಂತು’ ಸಲೀಸು, ‘ಹಂತಕರೆಯಿತು’ ನಾಲಿಗೆಗೆ ತೊಡರು. ಕ್ರಿಯಾಪದವಾಗಿಯೂ ನಡೆಯುವ ಪದ ಯಾರಿಗಾದರೂ ಹೊಳೆದರೆ ತಿಳಿಸಿ.